ಮಲೆನಾಡಿನ ಮನೆಗೆ ಬಂದ ಹೊಸ ಕೋವಿ: ಮೊದಲ ಸಲ ಬಿಚ್ಚಿ, ಒರೆಸಿ, ಎಣ್ಣೆ ಹಾಕುವ ಕ್ರಮ

ಕಾರ್ಖಾನೆಯಿಂದ ಬಂದ ಹೊಸ ತೋಟಾ (ಕಾರ್ಟ್ರಿಜ್) ಕೋವಿಯ ಮೈಗೆಲ್ಲ ದಪ್ಪನೆಯ, ಕೈಗೆ ಅಂಟುವ ಜಿಡ್ಡು ಮೆತ್ತಿಕೊಂಡಿರುತ್ತದೆ. ಎಣ್ಣೆ ಹಾಕಿಯೇ ಕೊಟ್ಟಿದ್ದಾರೆ ಎಂದುಕೊಂಡು ಅದನ್ನು ಹಾಗೆಯೇ ಬೀರುವಿನಲ್ಲಿ ಇಟ್ಟುಬಿಡುವವರು ಬಹಳ. ಆದರೆ ಆ ಜಿಡ್ಡು ಕೋವಿ ಗೋದಾಮಿನಲ್ಲಿ ತಿಂಗಳುಗಟ್ಟಲೆ ಬಿದ್ದಿರುವಾಗ ತುಕ್ಕು ಹಿಡಿಯದಿರಲೆಂದು ಬಳಿದದ್ದೇ ಹೊರತು, ಅದನ್ನು ಬಳಸುವುದಕ್ಕೆಂದು ಹಾಕಿದ್ದಲ್ಲ. ದಿನ ಕಳೆದಂತೆ ಅದು ಗಟ್ಟಿಯಾಗಿ ಅಂಟಾಗುತ್ತದೆ, ಧೂಳನ್ನು ಎಳೆದುಕೊಳ್ಳುತ್ತದೆ, ಕಾರ್ಖಾನೆಯಲ್ಲಿ ಉಕ್ಕನ್ನು ಕೊರೆದು ಉಜ್ಜಿದಾಗ ಉಳಿದ ಸಣ್ಣ ಪುಡಿಯನ್ನು ಒಳಗೇ ಹಿಡಿದಿಟ್ಟುಕೊಂಡಿರುತ್ತದೆ. ನಳಿಗೆಯೊಳಗೆ ಉಳಿದುಹೋದರೆ ಮೊದಲ ಈಡಿನಲ್ಲಿ ಇರಬೇಕಾದದ್ದಕ್ಕಿಂತ ಹೆಚ್ಚಿನ ಒತ್ತಡಕ್ಕೂ ಕಾರಣವಾಗುತ್ತದೆ. ಹಾಗಾಗಿ ಮೊದಲ ತೋಟಾ ತುಂಬುವ ಮೊದಲೇ ಈ ಜಿಡ್ಡನ್ನು ಪೂರ್ತಿಯಾಗಿ ತೆಗೆದು, ಅದರ ಜಾಗಕ್ಕೆ ತೆಳುವಾದ ಎಣ್ಣೆಯ ಪದರವನ್ನು ತರಬೇಕು.

ನಮ್ಮ ಕಡೆ ಈ ಕೆಲಸಕ್ಕೆ ಇನ್ನೊಂದು ತೂಕವಿದೆ. ಗಾಳಿಯ ತೇವಾಂಶ ಶೇಕಡಾ 60 ದಾಟಿದ ಮೇಲೆ ಉಕ್ಕಿಗೆ ತುಕ್ಕು ಹಿಡಿಯುವ ವೇಗ ಗಣನೀಯವಾಗಿ ಏರುತ್ತದೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯಲ್ಲಿ, ಅದರ ಆಸುಪಾಸಿನ ತೀರ್ಥಹಳ್ಳಿ, ಹೊಸನಗರ, ಶೃಂಗೇರಿಯ ಹಳ್ಳಿಗಳಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಆ ಮಟ್ಟಕ್ಕಿಂತ ಕೆಳಗೆ ಇಳಿಯುವುದೇ ಅಪರೂಪ. ಬಯಲುಸೀಮೆಯಲ್ಲಿ ಕೋವಿ ಹಾಳಾಗುವುದು ಬಹುಮಟ್ಟಿಗೆ ಬಳಕೆಯಿಂದ. ಮಲೆನಾಡಿನಲ್ಲಿ ಅದು ಒಂದು ಈಡೂ ಹಾರಿಸದೆ, ಇಟ್ಟಲ್ಲಿಯೇ ಹಾಳಾಗುತ್ತದೆ. ಮೊದಲ ಶುಚಿಯನ್ನು ಮನಸ್ಸಿಟ್ಟು ಮಾಡಿದವರಿಗೆ ನೀರು ಎಲ್ಲಿ ನಿಲ್ಲುತ್ತದೆ, ಬೆರಳು ಎಲ್ಲಿ ತಾಗುತ್ತದೆ, ಯಾವ ಸಂದಿಯಲ್ಲಿ ಎಣ್ಣೆ ಒಣಗುತ್ತದೆ ಎಂಬುದೆಲ್ಲ ಅಂದೇ ತಿಳಿದುಹೋಗುತ್ತದೆ.

ಇಲ್ಲಿ ಹೇಳುವ ಕ್ರಮ ನಮ್ಮ ತೋಟದ ಮನೆಗಳಲ್ಲಿ ಹೆಚ್ಚಾಗಿ ಕಾಣುವ 12 ಬೋರಿನ ಜೋಡು ನಳಿಗೆ ಕೋವಿಗೆ, ಅಂದರೆ ನಳಿಗೆಗಳು ಅಕ್ಕಪಕ್ಕದಲ್ಲಿದ್ದು, ಹೊರಗೆ ಕುದುರೆ, ಅಂದರೆ ಬಡಿದು ತೋಟಾ ಸಿಡಿಸುವ ಸುತ್ತಿಗೆ, ಕಾಣದೆ, ಮಧ್ಯದಲ್ಲಿ ಮಡಿಚಿ ತೆರೆಯುವ ಕೋವಿಗೆ ಸಂಬಂಧಿಸಿದ್ದು. ಮಡಿಚಿ ತೆರೆಯುವ ಒಂಟಿ ನಳಿಗೆಯದಕ್ಕೂ ಬಹುತೇಕ ಇದೇ ಅನ್ವಯಿಸುತ್ತದೆ. ಕೋವಿಯ ಜೊತೆ ಕೈಪಿಡಿ ಬಂದಿದ್ದರೆ ಅದನ್ನು ಮೊದಲು ಓದಿ. ಎರಡರ ನಡುವೆ ಎಲ್ಲಾದರೂ ವ್ಯತ್ಯಾಸ ಕಂಡರೆ ಕೈಪಿಡಿಯ ಮಾತೇ ನಡೆಯಲಿ.

ಪರವಾನಗಿ ಮತ್ತು ನಂಬರು

1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮು ಬೆಳೆ ರಕ್ಷಣೆಗೆ ಮೊದಲು ಸೂಚಿಸುವುದು ಬಾಯಿಂದ ಮಸಿ (ಸಿಡಿಮದ್ದಿನ ಪುಡಿ) ತುಂಬುವ ಕೋವಿಯನ್ನು; ಅದು ಸಾಲದೆಂದು ಪರವಾನಗಿ ಕೊಡುವ ಅಧಿಕಾರಿಗೆ ಮನವರಿಕೆಯಾದರೆ, 20 ಇಂಚಿಗೆ ಕಡಿಮೆಯಿಲ್ಲದ ನುಣುಪು ನಳಿಗೆಯ ಬೇರೆ ಕೋವಿಗೂ ಅನುಮತಿ ಸಿಗಬಹುದು. ಪರವಾನಗಿ ಯಾರ ಹೆಸರಿನಲ್ಲಿದೆಯೋ ಅವರೇ ಕೋವಿಯನ್ನು ಬಿಚ್ಚಿ ಒರೆಸಬೇಕು. ಮನೆಯ ಹುಡುಗರಿಗೋ ಕೆಲಸದವರಿಗೋ ಒಪ್ಪಿಸುವ ಕೆಲಸ ಇದಲ್ಲ.

ಜಿಡ್ಡು ಒರೆಸುವಾಗ ನಳಿಗೆಯ ತಳದಲ್ಲಿಯೂ ಉಕ್ಕಿನ ಮಧ್ಯಭಾಗದಲ್ಲಿಯೂ ಒತ್ತಿರುವ ನಂಬರು ಮತ್ತು ಪರೀಕ್ಷಾ ಮುದ್ರೆಗಳು ಕಣ್ಣಿಗೆ ಬೀಳುತ್ತವೆ. ಅವು ಪರವಾನಗಿ ಪುಸ್ತಕದಲ್ಲಿರುವ ನಂಬರಿಗೆ ತಾಳೆಯಾಗುತ್ತವೆಯೇ ಎಂದು ಅಂದೇ ನೋಡಿಕೊಳ್ಳಿ. ಒಂದಂಕಿ ತಪ್ಪಿದ್ದರೂ ವರ್ಷಗಳ ನಂತರ ನವೀಕರಣದ ಹೊತ್ತಿಗೆ ತಿದ್ದಿಸುವುದಕ್ಕಿಂತ ಈಗ ತಿದ್ದಿಸುವುದು ಸುಲಭ. ಆ ಜಾಗಗಳನ್ನು ಬಟ್ಟೆಯಿಂದ ಒರೆಸಿದರೆ ಸಾಕು. ಹೊಳಪು ಬರಲೆಂದು ಉಜ್ಜಿ ಅಂಕಿಗಳನ್ನು ಸವೆಸಬಾರದು, ಏಕೆಂದರೆ ಗುರುತಿನ ಅಂಕಿಯನ್ನು ಅಳಿಸುವುದನ್ನೂ ಬದಲಿಸುವುದನ್ನೂ ಅದೇ ಕಾಯ್ದೆ ನಿಷೇಧಿಸಿದೆ.

ಬೇಕಾದ ಸಾಮಾನು

12 ಬೋರಿನ ಗಜ, ಅಂದರೆ ನಳಿಗೆಯೊಳಗೆ ತಳ್ಳುವ ಉದ್ದನೆಯ ಕೋಲು, ಅದರ ತುದಿಗೆ ತಿರುಗಿಸಿ ಹಾಕುವ ಬಟ್ಟೆ ಸಿಕ್ಕಿಸುವ ತುಂಡು, ಕಂಚಿನ ತಂತಿಯ ಬ್ರಷ್ ಮತ್ತು ಉಣ್ಣೆಯ ಕುಚ್ಚು, ಇವಿಷ್ಟು ಒಂದೇ ಡಬ್ಬಿಯಲ್ಲಿ ಕೋವಿ ಅಂಗಡಿಗಳಲ್ಲಿ ಸಿಗುತ್ತವೆ. ಗಜ ಮರದ್ದೋ ಅಲ್ಯೂಮಿನಿಯಂನದೋ ಆಗಿರಲಿ. ಕಬ್ಬಿಣದ ಸರಳು ನಳಿಗೆಯ ಒಳಗೋಡೆಯನ್ನು ಗೀಚುತ್ತದೆ. ಅಡಿಕೆ ದಬ್ಬೆಯ ಸೀಳು, ತೆಳುವಾದ ಬಿದಿರು ಕಡ್ಡಿಗಳು ಒಳಗೆ ಮುರಿದು ಸಿಕ್ಕಿಕೊಳ್ಳುತ್ತವೆ. ಬ್ರಷ್ಷೂ ಅಷ್ಟೇ, ಕಂಚಿನದೇ ಆಗಬೇಕು, ಉಕ್ಕಿನದು ಬೇಡ. ಒರೆಸಲು ಗಂಜಿ ಹಾಕದೆ ಒಗೆದು ಒಣಗಿಸಿದ ಹಳೆಯ ಹತ್ತಿ ಪಂಚೆಗಿಂತ ಒಳ್ಳೆಯ ಬಟ್ಟೆ ಇಲ್ಲ. ಅದನ್ನು ಸುಮಾರು 3 ಇಂಚಿನ ಚೌಕಗಳಾಗಿ ಕತ್ತರಿಸಿಟ್ಟುಕೊಂಡರೆ 18.5 ಮಿಲಿಮೀಟರ್ ಅಗಲದ 12 ಬೋರಿನ ನಳಿಗೆಯಲ್ಲಿ ಬಿಗಿಯಾಗಿ, ಆದರೆ ಸಿಕ್ಕಿಕೊಳ್ಳದೆ ಸಾಗುತ್ತದೆ. ಇದರ ಜೊತೆಗೆ ಒಂದು ಹಳೆಯ ಹಲ್ಲುಜ್ಜುವ ಬ್ರಷ್, ಕಿವಿಗೆ ಬಳಸುವ ಹತ್ತಿಯ ಕಡ್ಡಿಗಳು, ಒಂದು ಗೋಣಿಚೀಲ.

ಜಿಡ್ಡು ಕರಗಿಸಲು ಸೀಮೆಎಣ್ಣೆ ಅಥವಾ ಟರ್ಪೆಂಟೈನ್ ಸಾಕು. ಪೆಟ್ರೋಲ್ ಬೇಗ ಕರಗಿಸುತ್ತದೆ ನಿಜ, ಆದರೆ ಅದರ ಆವಿ ನೆಲದ ಮಟ್ಟದಲ್ಲಿ ಹರಡಿ ದೂರದ ಒಲೆಯಿಂದಲೂ ಹೊತ್ತಿಕೊಳ್ಳಬಲ್ಲದು, ಅದನ್ನು ಮುಟ್ಟಲೇಬೇಡಿ. ಸೀಮೆಎಣ್ಣೆಯನ್ನಾದರೂ ಅಡುಗೆಮನೆಯಿಂದ, ಬಚ್ಚಲ ಒಲೆಯಿಂದ, ದೇವರ ದೀಪದಿಂದ ದೂರ, ಗಾಳಿಯಾಡುವ ಜಗಲಿಯಲ್ಲಿ ಹಗಲು ಬೆಳಕಿನಲ್ಲಿಯೇ ಬಳಸಬೇಕು.

ಎಣ್ಣೆಯ ವಿಷಯದಲ್ಲಿ ನಮ್ಮವರು ಎಡವುವುದು ಹೆಚ್ಚು, ಹಾಗಾಗಿ ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮನೆಯಲ್ಲಿ ಸದಾ ಇರುವ ಕೊಬ್ಬರಿ ಎಣ್ಣೆ ಕೋವಿಗೆ ಆಗದು: 24 ಡಿಗ್ರಿಯ ಆಸುಪಾಸಿನಲ್ಲಿಯೇ ಅದು ಹೆಪ್ಪುಗಟ್ಟುತ್ತದೆ, ಮಾರ್ಗಶಿರದ ಬೆಳಗಿನಲ್ಲಿ ತೋಟಾದ ತಳಕ್ಕೆ ಬಡಿಯುವ ಫೈರಿಂಗ್ ಪಿನ್ನನ್ನು ಹಿಡಿದು ನಿಲ್ಲಿಸಲು ಅಷ್ಟೇ ಸಾಕು, ಹಳಸಿದಾಗ ಅದರಲ್ಲಿ ಆಮ್ಲ ಹುಟ್ಟುತ್ತದೆ, ಆಮ್ಲವಿರುವಲ್ಲಿ ಉಕ್ಕು ಉಳಿಯದು. ಎಳ್ಳೆಣ್ಣೆ, ಹರಳೆಣ್ಣೆಗಳೂ ಕಾಲಕ್ರಮದಲ್ಲಿ ಅಂಟಾಗುತ್ತವೆ. ಬೈಕಿನಿಂದ ಬಸಿದ ಹಳೆಯ ಎಂಜಿನ್ ಆಯಿಲ್‌ನಲ್ಲಿ ಇಂಗಾಲವೂ ಆಮ್ಲವೂ ಇರುವುದರಿಂದ ಅದೂ ಬೇಡ. ಹೊಲಿಗೆ ಯಂತ್ರದ ಎಣ್ಣೆ ಶುದ್ಧ ಖನಿಜ ತೈಲ, ಓಡಾಡುವ ಭಾಗಗಳಿಗೆ ಪರವಾಗಿಲ್ಲ, ಆದರೆ ಬಹಳ ತೆಳುವಾಗಿರುವುದರಿಂದ ನಮ್ಮ ಮಳೆಗಾಲದಲ್ಲಿ ಅದರ ಪದರ ಹೆಚ್ಚು ದಿನ ನಿಲ್ಲುವುದಿಲ್ಲ. ಡಬ್ಲ್ಯುಡಿ-40 ನೀರನ್ನು ಓಡಿಸಲು ಒಳ್ಳೆಯದು, ಮಳೆಯಲ್ಲಿ ನೆನೆದು ಬಂದ ದಿನ ಉಪಯೋಗಕ್ಕೆ ಬರುತ್ತದೆ. ತಿಂಗಳುಗಟ್ಟಲೆ ಕಾಪಾಡುವ ಎಣ್ಣೆ ಅದಲ್ಲ. ತುಕ್ಕು ತಡೆಯುವ ಅಂಶ ಸೇರಿಸಿ ಕೋವಿಗೆಂದೇ ತಯಾರಿಸಿದ ಎಣ್ಣೆಯ ಒಂದು ಸಣ್ಣ ಬಾಟಲಿ ವರ್ಷಗಟ್ಟಲೆ ಬರುತ್ತದೆ, ಅದಕ್ಕೆ ಹಣ ಕೊಡಲು ಹಿಂದೆಮುಂದೆ ನೋಡಬೇಡಿ.

ಖಾಲಿ ಇದೆಯೆಂದು ಕಣ್ಣಾರೆ ನೋಡುವುದು

ತೋಟಾಗಳನ್ನು ಬೇರೆ ಕೋಣೆಯಲ್ಲಿಟ್ಟು ಬೀಗ ಹಾಕಿ ಬನ್ನಿ. ಜಗಲಿಯಲ್ಲಿ ಮನುಷ್ಯರು, ದನಕರುಗಳು ಓಡಾಡದ ದಿಕ್ಕನ್ನು ಆರಿಸಿಕೊಂಡು ನಳಿಗೆಯ ಬಾಯಿಯನ್ನು ಆ ಕಡೆಗೇ ಇಟ್ಟು, ಟ್ರಿಗರ್‌ನಿಂದ ಬೆರಳನ್ನು ಹೊರಗಿರಿಸಿ, ಮೇಲಿನ ಲಿವರನ್ನು ಬಲಕ್ಕೆ ತಳ್ಳಿ. ನಳಿಗೆ ಕೆಳಗೆ ಬಾಗಿದಾಗ ಎರಡೂ ಛೇಂಬರುಗಳನ್ನು, ಅಂದರೆ ತೋಟಾ ಕೂರುವ ಜಾಗಗಳನ್ನು, ಮೊದಲು ಕಣ್ಣಿನಿಂದ ನೋಡಿ, ಬಳಿಕ ಕಿರುಬೆರಳು ಹಾಕಿ ಮುಟ್ಟಿ. ಹೊಸ ಕೋವಿ, ಅಂಗಡಿಯಿಂದ ಈಗಷ್ಟೇ ಬಂದದ್ದು ಎಂಬ ಕಾರಣಕ್ಕೆ ಈ ಹೆಜ್ಜೆಯನ್ನು ಬಿಡಬಾರದು. ಸೇಫ್ಟಿ ಗುಂಡಿ ಹಾಕಿದೆ ಎಂಬುದೂ ಕಾರಣವಾಗದು: ಬಹಳಷ್ಟು ಕೋವಿಗಳಲ್ಲಿ ಅದು ಟ್ರಿಗರನ್ನು ಮಾತ್ರ ತಡೆಯುತ್ತದೆ, ಒಳಗಿನ ಕುದುರೆಯನ್ನಲ್ಲ.

ಮೂರು ತುಂಡು ಮಾಡುವುದು

ಮಡಿಚುವ ಕೋವಿ ಮೂರು ಭಾಗವಾಗಿ ಬಿಡಿಸಿಕೊಳ್ಳುತ್ತದೆ: ಎಡಗೈ ಹಿಡಿಯುವ ಮುಂದಿನ ಮರ, ನಳಿಗೆಗಳು, ಮತ್ತು ಹೆಗಲಿಗೆ ಆನಿಸುವ ಹಿಡಿಯೊಂದಿಗೆ ಸೇರಿಕೊಂಡ ಉಕ್ಕಿನ ಮಧ್ಯಭಾಗ. ಮಧ್ಯಭಾಗವನ್ನು ಎಲ್ಲರೂ ಆ್ಯಕ್ಷನ್ ಎಂದೇ ಕರೆಯುವುದರಿಂದ ಇಲ್ಲಿಯೂ ಹಾಗೆಯೇ ಕರೆಯೋಣ.

ಖಾಲಿ ಇದೆಯೆಂದು ನೋಡಲು ತೆರೆದ ಕೋವಿಯನ್ನು ಮೊದಲು ಮುಚ್ಚಿ. ಮುಂದಿನ ಮರದ ಕೆಳಗಿರುವ ಚಿಲಕವನ್ನು ಎಳೆದು, ಕೆಲವು ಮಾದರಿಗಳಲ್ಲಿ ತುದಿಯ ಗುಂಡಿಯನ್ನು ಒತ್ತಿ, ಮರವನ್ನು ನಳಿಗೆಯಿಂದ ಕೆಳಮುಖವಾಗಿ ಬಿಡಿಸಿ. ಬಳಿಕ ಲಿವರ್ ತಳ್ಳಿ ನಳಿಗೆಯನ್ನು ಬಾಗಿಸಿದರೆ ಅದು ಕೀಲಿನಿಂದ ಮೇಲೆದ್ದು ಕೈಗೆ ಬರುತ್ತದೆ. ಎಡಗೈ ನಳಿಗೆಯ ಮೇಲೆ ಬಿಗಿಯಾಗಿರಲಿ; ಜಾರಿ ನೆಲದ ಕಲ್ಲಿಗೆ ಬಡಿದರೆ ಬಾಯಿಯ ಅಂಚು ನೆಗ್ಗುತ್ತದೆ.

ಬಿಚ್ಚಿದ ಮೇಲೆ ಟ್ರಿಗರ್ ಎಳೆಯಬಾರದು, ಇದಕ್ಕೆ ಕಾರಣವಿದೆ. 1875ರಲ್ಲಿ ಬರ್ಮಿಂಗ್‌ಹ್ಯಾಮಿನ ವೆಸ್ಟ್ಲಿ ರಿಚರ್ಡ್ಸ್ ಕಂಪನಿಯಲ್ಲಿದ್ದ ಆನ್ಸನ್ ಮತ್ತು ಡೀಲಿ ಎಂಬಿಬ್ಬರು ಪೇಟೆಂಟ್ ಪಡೆದ ರಚನೆಯಲ್ಲಿ ನಳಿಗೆ ಕೆಳಗೆ ಬಾಗುವ ಚಲನೆಯೇ ಒಳಗಿನ ಕುದುರೆಗಳನ್ನು ಎತ್ತಿ ಕೂರಿಸುತ್ತದೆ. ಇಂದಿನ ಕುದುರೆ ಕಾಣದ ಜೋಡು ನಳಿಗೆಗಳಲ್ಲಿ ಹೆಚ್ಚಿನವು ಅದೇ ತತ್ತ್ವದ ಮೇಲೆ ನಡೆಯುತ್ತವೆ. ಆ್ಯಕ್ಷನ್ನಿನ ಮುಂಭಾಗದಲ್ಲಿ ಹೊರಚಾಚಿದ ಎರಡು ಸಣ್ಣ ಸನ್ನೆಗಳನ್ನು ಮುಂದಿನ ಮರದ ಕಬ್ಬಿಣವು ಒತ್ತುತ್ತದೆ. ಬಿಚ್ಚಿದ ಸ್ಥಿತಿಯಲ್ಲಿ ಟ್ರಿಗರ್ ಎಳೆದು ಕುದುರೆ ಬಿದ್ದರೆ ಆ ಸನ್ನೆಗಳು ಜಾಗ ಬದಲಿಸುತ್ತವೆ, ಆಮೇಲೆ ಮರವೂ ನಳಿಗೆಯೂ ಸರಿಯಾಗಿ ಕೂರುವುದಿಲ್ಲ. ಕೂರದ ಕೋವಿಗೆ ಸುತ್ತಿಗೆಯ ಪೆಟ್ಟು ಕೊಟ್ಟು ಕೆಡಿಸಿದವರೂ ಇದ್ದಾರೆ.

ಇದಕ್ಕಿಂತ ಮುಂದೆ ಬಿಚ್ಚುವುದು ಬೇಡ. ಆ್ಯಕ್ಷನ್ನಿನ ಸ್ಕ್ರೂಗಳ ಸೀಳು ಬಹಳ ಕಿರಿದು, ಮನೆಯ ಸ್ಕ್ರೂ ಡ್ರೈವರ್ ತಾಗಿಸಿದರೆ ಅಂಚು ಹರಿದುಹೋಗುತ್ತದೆ. ಒಳಗಿನ ಸ್ಪ್ರಿಂಗುಗಳನ್ನು ನೋಡುವುದು ಪರವಾನಗಿ ಇರುವ ಕೋವಿ ರಿಪೇರಿಯವರ ಕೆಲಸ.

ನಳಿಗೆಯ ಒಳಗು

ಸೀಮೆಎಣ್ಣೆಯಲ್ಲಿ ಅದ್ದಿ ಹಿಂಡಿದ ಬಟ್ಟೆಯ ಚೌಕವನ್ನು ಗಜಕ್ಕೆ ಸಿಕ್ಕಿಸಿ, ಛೇಂಬರಿನ ಕಡೆಯಿಂದ ಬಾಯಿಯ ಕಡೆಗೆ ತಳ್ಳಿ. ದಿಕ್ಕು ಮುಖ್ಯ, ಏಕೆಂದರೆ ಬಾಯಿಯ ಕಡೆಯಿಂದ ತಳ್ಳಿದರೆ ಕೊಳೆಯೆಲ್ಲ ತೋಟಾವನ್ನು ಛೇಂಬರಿನಿಂದ ಹೊರಗೆತ್ತುವ ಎಕ್ಸ್‌ಟ್ರಾಕ್ಟರಿನ ಸಂದಿಗೆ ಸೇರುತ್ತದೆ, ಗಜ ಉಜ್ಜಿ ಬಾಯಿಯ ಅಂಚೂ ಸವೆಯುತ್ತದೆ. ಮೊದಲ ಬಟ್ಟೆ ಕಂದು ಬಣ್ಣದ ಮುದ್ದೆ ಹೊತ್ತು ಹೊರಬರುತ್ತದೆ, ಅದನ್ನು ಅಲ್ಲಿಯೇ ಕಿತ್ತೆಸೆಯಿರಿ. ಅದೇ ಬಟ್ಟೆಯನ್ನು ಹಿಂದಕ್ಕೆ ಎಳೆದರೆ ತೆಗೆದದ್ದನ್ನೇ ಮರಳಿ ಬಳಿದಂತಾಗುತ್ತದೆ. ಇನ್ನೆರಡು ಮೂರು ಬಟ್ಟೆಗಳ ನಂತರ ನಳಿಗೆಯನ್ನು ಹತ್ತು ನಿಮಿಷ ಹಾಗೇ ಬಿಟ್ಟರೆ ಉಳಿದ ಜಿಡ್ಡು ನೆನೆಯುತ್ತದೆ.

ಆಮೇಲೆ ಕಂಚಿನ ಬ್ರಷ್. ಸೀಮೆಎಣ್ಣೆ ತಾಗಿಸಿ ಈ ತುದಿಯಿಂದ ಆ ತುದಿಗೆ ಪೂರ್ತಿ ಹೊರಬರುವವರೆಗೆ ತಳ್ಳಬೇಕು, ನಂತರವೇ ಹಿಂದಕ್ಕೆಳೆಯಬೇಕು. ನಡುದಾರಿಯಲ್ಲಿ ತಿರುಗಿಸಿದರೆ ಬ್ರಷ್ಷಿನ ಕಡ್ಡಿಗಳು ಮಡಿಚಿ ಮುರಿಯುತ್ತವೆ. ಹೊಸ ಕೋವಿಗೆ ಒಂದೊಂದು ನಳಿಗೆಗೆ ಏಳೆಂಟು ಸಲ ಸಾಕು. ಹೆಚ್ಚು ಗಮನ ಬೇಕಾದ ಜಾಗಗಳು ಎರಡು: ಛೇಂಬರ್ ಮುಗಿದು ನಳಿಗೆ ಕಿರಿದಾಗುವ ಇಳಿಜಾರು, ಮತ್ತು ಬಾಯಿಯ ಹತ್ತಿರ ನಳಿಗೆ ಮತ್ತೆ ಬಿಗಿಯಾಗುವ ಚೋಕ್. ಜೋಡು ನಳಿಗೆಯಲ್ಲಿ ಸಾಮಾನ್ಯವಾಗಿ ಎಡಗಡೆಯದರ ಚೋಕ್ ಹೆಚ್ಚು ಬಿಗಿಯಾಗಿರುವುದರಿಂದ ಅಲ್ಲಿ ಗಜ ತುಸು ತಡೆದಂತೆ ಅನ್ನಿಸುತ್ತದೆ, ಅದು ದೋಷವಲ್ಲ. ಚೋಕ್ ತಿರುಗಿಸಿ ತೆಗೆಯುವಂಥದ್ದಾದರೆ ಬಿಚ್ಚಿ, ಸುತ್ತುಗಳನ್ನು ಒರೆಸಿ, ಎಣ್ಣೆಯ ಕೈಯಾಡಿಸಿ, ಮತ್ತೆ ಕೊನೆಯವರೆಗೂ ತಿರುಗಿಸಿಡಿ.

ಒಣ ಬಟ್ಟೆ ಬೆಳ್ಳಗೆ ಹೊರಬರುವವರೆಗೂ ಒಂದಾದ ಮೇಲೊಂದು ತಳ್ಳುತ್ತಿರಿ. ಬಿಚ್ಚಿದ ನಳಿಗೆಯನ್ನು ಆಕಾಶದ ಬೆಳಕಿಗೆ ಹಿಡಿದು ಒಳಗೆ ನೋಡಿದಾಗ ಬೆಳಕಿನ ವರ್ತುಲಗಳು ಅಂಚಿನಿಂದ ಅಂಚಿಗೆ ಮುರಿಯದೆ, ದುಂಡಗೆ ಕಾಣಬೇಕು. ಕಪ್ಪು ಕಲೆ ಇದ್ದರೆ ಜಿಡ್ಡು ಉಳಿದಿದೆ. ಒರೆಸಿದರೂ ಹೋಗದ ಚುಕ್ಕಿಯೋ, ವರ್ತುಲವನ್ನು ಸೊಟ್ಟಗಾಗಿಸುವ ನೆಗ್ಗೋ ಕಂಡರೆ ಒಂದೂ ಈಡು ಹಾರಿಸದೆ ಕೊಂಡ ಅಂಗಡಿಗೆ ತೋರಿಸಿ. ಕೊನೆಯಲ್ಲಿ ಉಣ್ಣೆಯ ಕುಚ್ಚಿಗೆ ನಾಲ್ಕೈದು ಹನಿ ಎಣ್ಣೆ ಹಾಕಿ ಪ್ರತಿ ನಳಿಗೆಯಲ್ಲಿ ಒಮ್ಮೆ ಹೋಗಿ ಬರಲಿ. ಒಳಗೋಡೆ ಹೊಳೆಯಬೇಕು, ಹನಿ ಜಾರಬಾರದು.

ಆ್ಯಕ್ಷನ್, ಕೀಲು, ಸಂದಿಗಳು

ಇಲ್ಲಿ ಸೀಮೆಎಣ್ಣೆ ಸುರಿಯಬಾರದು. ಒಳಗೆ ಹೋದದ್ದು ಹೊರಬರಲು ದಾರಿಯಿಲ್ಲ, ಅದು ಜಿಡ್ಡನ್ನು ಕರಗಿಸಿ ಮರದೊಳಕ್ಕೆ ಇಳಿಸುತ್ತದೆ. ಹಲ್ಲುಜ್ಜುವ ಬ್ರಷ್ಷಿನ ತುದಿಗೆ ಸ್ವಲ್ಪವೇ ತಾಗಿಸಿಕೊಂಡು, ಆ್ಯಕ್ಷನ್ನನ್ನು ಮುಖ ಕೆಳಗೆ ಮಾಡಿ ಹಿಡಿದು, ತೋಟಾದ ತಳ ಒರಗುವ ಸಮತಟ್ಟಾದ ಮುಖ, ಫೈರಿಂಗ್ ಪಿನ್ ಹೊರಬರುವ ಎರಡು ತೂತು, ನಳಿಗೆಯ ಕೊಕ್ಕೆ ಕೂರುವ ಗುಳಿ, ಇವನ್ನು ಉಜ್ಜಿ. ಮೂಲೆಗಳಿಗೆ ಹತ್ತಿಯ ಕಡ್ಡಿ. ನಳಿಗೆಯ ತಳದಲ್ಲಿರುವ ಎಕ್ಸ್‌ಟ್ರಾಕ್ಟರನ್ನು ಹೊರಗೆಳೆದು ಅದರ ಹಿಂಬದಿಯನ್ನೂ ಒರೆಸಬೇಕು. ಜಿಡ್ಡು ಮತ್ತು ಉಕ್ಕಿನ ಪುಡಿ ಹೆಚ್ಚು ಉಳಿಯುವುದು ಇಲ್ಲಿಯೇ, ಒಂದು ಸಣ್ಣ ಚೂರು ಉಳಿದರೂ ಕೋವಿ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ.

ಎಣ್ಣೆ ಹಾಕುವಾಗ ಕೈ ಬಿಗಿ ಇರಲಿ. ಪಿನ್ನಿನ ತೂತುಗಳಿಗೆ ಒಂದೊಂದು ಹನಿ, ಲಿವರಿನ ಬುಡಕ್ಕೆ ಒಂದು, ಸೇಫ್ಟಿ ಗುಂಡಿಯ ಪಕ್ಕಕ್ಕೆ ಅರ್ಧ, ಎಕ್ಸ್‌ಟ್ರಾಕ್ಟರಿನ ಕಾಲಿಗೆ ಒಂದು. ನಳಿಗೆ ತಿರುಗುವ ಕೀಲು ಮತ್ತು ಅದಕ್ಕೆ ಕೂರುವ ಕೊಕ್ಕೆಯ ಮೇಲೆ ಭಾರ ಹೆಚ್ಚು ಬೀಳುವುದರಿಂದ ಅಲ್ಲಿಗೆ ಮಾತ್ರ ಎಣ್ಣೆಯ ಬದಲು ಸಾಸಿವೆ ಕಾಳಿನಷ್ಟು ಒಳ್ಳೆಯ ಗ್ರೀಸ್ ಹಚ್ಚಿ. ಮುಂದಿನ ಮರದ ಕಬ್ಬಿಣ ಆ್ಯಕ್ಷನ್ನಿಗೆ ಉಜ್ಜುವ ದುಂಡನೆಯ ಅಂಚಿಗೂ ಅಷ್ಟೇ. ಹೆಚ್ಚು ಎಣ್ಣೆ ಸುರಿದರೆ ಕೋವಿ ಹೆಚ್ಚು ಬಾಳುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ವಾಸ್ತವದಲ್ಲಿ ಹೆಚ್ಚಾದ ಎಣ್ಣೆ ಧೂಳಿನೊಂದಿಗೆ ಸೇರಿ ಕೆಸರಾಗುತ್ತದೆ, ಉಳಿದದ್ದು ಇಳಿದು ಹಿಡಿಯ ತಲೆಭಾಗದ ಮರವನ್ನು ಮೆತ್ತಗಾಗಿಸುತ್ತದೆ. ಮೆತ್ತಗಾದ ಮರ ಒಂದು ದಿನ ಈಡಿನ ಒದೆತಕ್ಕೆ ಸೀಳುತ್ತದೆ.

ಹೊರಮೈ ಮತ್ತು ಮರ

ನಳಿಗೆಯ ಕಡುನೀಲಿ ಬಣ್ಣ ಉಕ್ಕಿನ ಮೇಲೆಯೇ ಮೂಡಿಸಿದ ಬಹು ತೆಳುವಾದ ಆಕ್ಸೈಡ್ ಪದರ. ಅದು ಎಣ್ಣೆಯನ್ನು ಹಿಡಿದಿಟ್ಟುಕೊಳ್ಳುತ್ತದೆಯೇ ಹೊರತು ತಾನಾಗಿ ತುಕ್ಕನ್ನು ತಡೆಯಲಾರದು. ಎಣ್ಣೆ ಹಚ್ಚಿದ ಬಟ್ಟೆಯಿಂದ ಇಡೀ ನಳಿಗೆಯನ್ನು, ಎರಡು ನಳಿಗೆಗಳ ನಡುವಿನ ಪಟ್ಟಿಯ ಅಂಚುಗಳನ್ನು ಒರೆಸಿ. ಆ ಬಳಿಕ ಬರಿಗೈ ತಾಗಿಸದೆ ಮರ ಹಿಡಿದೇ ಎತ್ತಿ, ಏಕೆಂದರೆ ಬೆವರಿನ ಉಪ್ಪು ಸೇರಿದ ಬೆರಳಚ್ಚು ಮಳೆಗಾಲದಲ್ಲಿ ಬೇಗನೆ ಕೆಂಪಗೆ ಮೂಡುತ್ತದೆ.

ಮರಕ್ಕೆ ಕೋವಿ ಎಣ್ಣೆ ತಾಗಬಾರದು. ಮೆರುಗು ಹಚ್ಚಿದ ಹಿಡಿಯಾದರೆ ಒಣ ಬಟ್ಟೆ ಸಾಕು. ಎಣ್ಣೆ ಕುಡಿಸಿದ ಮರವಾದರೆ ಕಾಯಿಸಿದ ಅಗಸೆ ಎಣ್ಣೆಯ ನಾಲ್ಕು ಹನಿಯನ್ನು ಅಂಗೈಗೆ ಹಾಕಿಕೊಂಡು ಬಿಸಿಯಾಗುವವರೆಗೆ ತಿಕ್ಕಿ, ಒಂದು ಗಂಟೆಯ ನಂತರ ಒರೆಸಿಬಿಡಿ. ಅಗಸೆ ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ: ಒಣಗುವಾಗ ಅದು ತನ್ನಷ್ಟಕ್ಕೆ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ಅಂಗಳದಲ್ಲಿ ಹರಡಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.

ಜೋಡಿಸುವುದು ಬಿಚ್ಚಿದ್ದಕ್ಕೆ ತಿರುವುಮುರುವು: ನಳಿಗೆಯ ಕೊಕ್ಕೆಯನ್ನು ಕೀಲಿಗೆ ಸಿಕ್ಕಿಸಿ, ಮೆಲ್ಲಗೆ ಮೇಲೆತ್ತಿ ಮುಚ್ಚಿ, ಮುಂದಿನ ಮರವನ್ನು ಟಕ್ಕೆಂದು ಕೂರಿಸಿ. ಎರಡು ಮೂರು ಸಲ ತೆರೆದು ಮುಚ್ಚಿ ನೋಡಿ. ಸ್ಪ್ರಿಂಗಿನ ಬಿಗಿ ಇಳಿಸಲು ಟ್ರಿಗರ್ ಎಳೆಯುವುದಿದ್ದರೆ, ಛೇಂಬರ್ ಖಾಲಿ ಇದೆಯೆಂದು ಮತ್ತೊಮ್ಮೆ ನೋಡಿದ ಮೇಲೆ, ಡಮ್ಮಿ ತೋಟಾ ಹಾಕಿಯೇ ಎಳೆಯಬೇಕು.

ಎಲ್ಲಿ ಇಡುವುದು

ಒರೆಸಿಟ್ಟ ಕೋವಿಯನ್ನು ಮೊದಲ ಒಂದೆರಡು ದಿನ ನಳಿಗೆಯ ಬಾಯಿ ಕೆಳಗಾಗಿ, ಬಟ್ಟೆಯ ಮೇಲೆ ನಿಲ್ಲಿಸಿಡಿ. ಹೆಚ್ಚಾದ ಎಣ್ಣೆ ಮರಕ್ಕಿಳಿಯದೆ ಬಾಯಿಂದ ಹೊರಬರುತ್ತದೆ. ಕೋವಿಯನ್ನು ಭದ್ರವಾಗಿ ಇಡುವ ಹೊಣೆ ಪರವಾನಗಿದಾರರದೇ ಆದ್ದರಿಂದ ಬೀಗವಿರುವ ಉಕ್ಕಿನ ಬೀರು ಬೇಕು, ಒಳಗೆ ಸಿಲಿಕಾ ಜೆಲ್ ಪೊಟ್ಟಣಗಳಿರಲಿ. ಬಣ್ಣ ಬದಲಿಸಿದ ಜೆಲ್ಲನ್ನು ಬಿಸಿ ಮಾಡಿ ಒಣಗಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಚರ್ಮದ ಅಥವಾ ಕ್ಯಾನ್‌ವಾಸಿನ ಚೀಲ ಸಾಗಿಸಲಿಕ್ಕೆ ಮಾತ್ರ. ಅವು ತೇವ ಹೀರಿ ಉಕ್ಕಿಗೆ ಒತ್ತಿ ಹಿಡಿಯುತ್ತವೆ.

ತೋಟದ ಮನೆಯವರಿಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ತಂದ ಮೈಲುತುತ್ತ ಇರುವ ಕೋಣೆಯಲ್ಲಿ ಕೋವಿ ಇರಬಾರದು. ತೇವ ಹೀರಿದ ಮೈಲುತುತ್ತದ ಪುಡಿ ಉಕ್ಕಿಗೆ ತಾಗಿದರೆ ಅದರೊಳಗಿನ ತಾಮ್ರ ಉಕ್ಕಿನ ಮೇಲೆ ಕೂತು, ಉಕ್ಕು ಕರಗಿ ಹೋಗುತ್ತದೆ. ಬೋರ್ಡೋ ಕಲಸಿದ ಕೈಯಲ್ಲಿ ಕೋವಿ ಮುಟ್ಟುವುದೂ ಅಷ್ಟೇ ಕೆಟ್ಟದ್ದು. ಗೊಬ್ಬರದ ಚೀಲ, ಉಪ್ಪಿನ ಮರಿಗೆ, ಅಡಿಕೆ ಬೇಯಿಸುವ ಮನೆಯ ಹಬೆ, ಇವುಗಳಿಂದಲೂ ದೂರವಿರಲಿ. ಒಲೆಯ ಮೇಲಿನ ಅಟ್ಟ ಬೆಚ್ಚಗಿದ್ದರೂ ಹೊಗೆಯ ಮಸಿ ಆಮ್ಲೀಯವಾದದ್ದು, ಅದೂ ಸಲ್ಲದು. ಆಯುಧ ಪೂಜೆಯಂದು ಕೋವಿಗೆ ಗಂಧ, ಕುಂಕುಮ, ಒದ್ದೆ ಹೂವು ಏರಿಸುವುದು ನಮ್ಮ ಪದ್ಧತಿ. ಪೂಜೆಯಾದ ಸಂಜೆಯೇ ಎಲ್ಲವನ್ನೂ ಒರೆಸಿ ಎಣ್ಣೆಯ ಬಟ್ಟೆಯಾಡಿಸಬೇಕು.

ಬಾಯಿಂದ ಮಸಿ ತುಂಬಿ, ಕೇಪು ಸಿಡಿಸಿ ಹಾರಿಸುವ ಕೇಪಿನ ಕೋವಿಗೆ ಈ ಕ್ರಮ ಸಾಲದು. ಕರಿಮಸಿ ಸುಟ್ಟ ಶೇಷವೂ ಕೇಪಿನ ಲವಣವೂ ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಮಾತ್ರ ಕರಗುತ್ತವೆ. ಹಾರಿಸಿದ ದಿನವೇ ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಆಮೇಲೆ ಎಣ್ಣೆ ಹಾಕಬೇಕು.

ಮೊದಲ ಈಡಿನ ಮೊದಲು, ಆಮೇಲೆ

ಈಡು ಹಾರಿಸುವ ದಿನ ನಳಿಗೆ ಮತ್ತು ಛೇಂಬರಿನ ಎಣ್ಣೆಯನ್ನು ಒಣ ಬಟ್ಟೆಯಿಂದ ಪೂರ್ತಿ ತೆಗೆಯಬೇಕು. ಛೇಂಬರ್ ಜಿಡ್ಡಾಗಿದ್ದರೆ ತೋಟಾ ಗೋಡೆಯನ್ನು ಹಿಡಿಯದೆ ಆ್ಯಕ್ಷನ್ನಿನ ಮುಖಕ್ಕೆ ಹೆಚ್ಚಿನ ಪೆಟ್ಟು ಕೊಡುತ್ತದೆ. ತೋಟಾ ತುಂಬುವ ಮೊದಲು ಪ್ರತಿ ಸಲವೂ ನಳಿಗೆಯ ಮೂಲಕ ಬೆಳಕು ನೋಡಿ. ನಮ್ಮ ಮನೆಗಳಲ್ಲಿ ಕಣಜದ ಹುಳು ಸಿಕ್ಕ ತೂತಿನಲ್ಲೆಲ್ಲ ಮಣ್ಣಿನ ಗೂಡು ಕಟ್ಟುತ್ತದೆ, ಆ ಮಣ್ಣು ಅಡ್ಡವಿರುವಾಗ ಹಾರಿಸಿದರೆ ನಳಿಗೆ ಸಿಡಿಯುತ್ತದೆ.

ಮಳೆಗಾಲದಲ್ಲಿ ವಾರಕ್ಕೊಮ್ಮೆ, ಉಳಿದ ಕಾಲದಲ್ಲಿ ತಿಂಗಳಿಗೊಮ್ಮೆ ತೆಗೆದು ಒರೆಸಿ. ಕೆಂಪು ಧೂಳು ಕಂಡರೆ ಎಣ್ಣೆ ಹಚ್ಚಿ ಅರ್ಧ ದಿನ ಬಿಟ್ಟು ಒರಟು ಬಟ್ಟೆಯಿಂದ ತಿಕ್ಕಿ. ಎಮರಿ ಪೇಪರ್ ತಾಗಿಸಿದರೆ ತುಕ್ಕಿನ ಜೊತೆ ನೀಲಿ ಬಣ್ಣವೂ ಹೋಗುತ್ತದೆ. ಚುನಾವಣೆ ಬಂದಾಗ ಕೋವಿಯನ್ನು ಠಾಣೆಗೆ ಒಪ್ಪಿಸಬೇಕಾಗಿ ಬಂದರೆ, ಅಲ್ಲಿ ವಾರಗಟ್ಟಲೆ ಯಾರೂ ಒರೆಸುವುದಿಲ್ಲ ಎಂಬುದನ್ನು ನೆನಪಿಟ್ಟು, ಒಪ್ಪಿಸುವ ಹಿಂದಿನ ದಿನ ಒಳಗೂ ಹೊರಗೂ ಎಂದಿಗಿಂತ ದಪ್ಪಗೆ ಎಣ್ಣೆ ಹಚ್ಚಿ, ನಂಬರು ಬರೆಸಿ ರಸೀದಿ ಪಡೆಯಿರಿ. ಮರಳಿ ಪಡೆದ ದಿನ ಮನೆಗೆ ತಂದೊಡನೆ ಖಾಲಿ ಇದೆಯೆಂದು ನೋಡಿ, ಮೂರು ತುಂಡು ಮಾಡಿ, ಹಳೆಯ ಎಣ್ಣೆಯನ್ನೆಲ್ಲ ತೆಗೆದು ಇದೇ ಕ್ರಮದಲ್ಲಿ ಹೊಸದನ್ನು ಹಾಕಿ.